ಸವೆದ ಕಾಂಕ್ರೀಟ್ ಅಂಗಳಕ್ಕೆ ಕಡಿಮೆ ಖರ್ಚಿನಲ್ಲಿ ಹೊಸ ಮೇಲ್ಪದರ: ಪದೇ ಪದೇ ಕೇಳುವ ಪ್ರಶ್ನೆಗಳು

ಅಂಗಳದ ಕಾಂಕ್ರೀಟ್ ಹಳೆಯದಾಗಿದೆ, ಕೈಯಲ್ಲಿ ದುಡ್ಡು ಜಾಸ್ತಿ ಇಲ್ಲ, ಆದರೂ ಸರಿಮಾಡಿಕೊಳ್ಳಬೇಕು ಅನ್ನುವವರಿಗಾಗಿ ಇದನ್ನು ಬರೆದಿದ್ದೇನೆ. ನಾನು ಈ ಕೆಲಸವನ್ನು ಒಂದು ಸಲ ಕೆಡಿಸಿ, ಆಮೇಲೆ ಸರಿಯಾಗಿ ಮಾಡಿ ಕಲಿತವನು. ಆಗ ಅರ್ಥವಾದದ್ದು ಇಷ್ಟು: ಹೊಸ ಪದರ ಉಳಿಯುವುದು ಅಳಿಯುವುದು ಅದರ ಕೆಳಗಿರುವ ಹಳೆಯ ನೆಲವನ್ನು ನೀವು ಹೇಗೆ ತಯಾರು ಮಾಡಿದ್ದೀರಿ ಅನ್ನುವುದರ ಮೇಲೆ. ಆ ತಯಾರಿಗೆ ದುಡ್ಡಿಗಿಂತ ಮೈಬಗ್ಗಿಸಿ ದುಡಿಯುವುದು ಜಾಸ್ತಿ ಬೇಕು. ಹಾಗಾಗಿಯೇ ಇದು ಕಡಿಮೆ ಖರ್ಚಿನಲ್ಲಿ ಆಗುವ ಕೆಲಸ.

ಗುಡಿಸಿದಷ್ಟೂ ಮರಳು ಏಳುತ್ತದೆ. ಪೂರ್ತಿ ಒಡೆದು ಹೊಸದು ಹಾಕಿಸಲೇಬೇಕಾ?

ಬಹಳ ಸಲ ಬೇಕಾಗುವುದಿಲ್ಲ. ಕಾಂಕ್ರೀಟ್ ಸವೆಯುವುದು ಮೇಲಿನಿಂದ. ಮೇಲಿನ ಕೆಲವು ಮಿಲಿಮೀಟರ್ ಹಾಳಾಗಿ, ಕೆಳಗಿನದ್ದೆಲ್ಲ ಗಟ್ಟಿಯಾಗಿಯೇ ಇರುವುದು ಸಾಮಾನ್ಯ. ಅಂಥ ಕಡೆ ಮೇಲ್ಪದರ ಹೊಸದು ಮಾಡಿದರೆ ಸಾಕು.

ಒಡೆಯುವುದರ ಭಾರವನ್ನೂ ಒಮ್ಮೆ ಲೆಕ್ಕ ಹಾಕಿ ನೋಡಿ. 3 ಮೀಟರ್ ಅಗಲ, 4 ಮೀಟರ್ ಉದ್ದದ ಅಂಗಳ, 10 ಸೆಂಟಿಮೀಟರ್ ದಪ್ಪ ಅಂದರೆ 1.2 ಘನ ಮೀಟರ್ ಕಾಂಕ್ರೀಟ್. ತೂಕ ಹತ್ತಿರಹತ್ತಿರ 3 ಟನ್. ಅದನ್ನು ಒಡೆಯಬೇಕು, ಸಾಗಿಸಬೇಕು, ಮತ್ತೆ ಅಷ್ಟೇ ಹೊಸದು ತಂದು ಸುರಿಯಬೇಕು. ಅದೇ ಅಂಗಳಕ್ಕೆ 3 ಮಿಲಿಮೀಟರ್ ಮೇಲ್ಪದರ ಎಳೆಯಲು 70-75 ಕೆಜಿ ಸಿಮೆಂಟ್ ಮಿಶ್ರಣದ ಸಿದ್ಧ ಪುಡಿ ಸಾಕು.

ಮೇಲ್ಪದರ ಸಾಕಾ, ಒಡೆಯಲೇಬೇಕಾ ಅಂತ ಹೇಗೆ ತಿಳಿಯುವುದು?

ಒಂದು ಸುತ್ತಿಗೆ ತೆಗೆದುಕೊಂಡು ಅಡಿಗೊಂದು ಸಲದಂತೆ ಇಡೀ ನೆಲವನ್ನು ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಇರುವ ಕಡೆ ಟಣ್ ಎಂದು ಚುರುಕಾದ ಸದ್ದು ಬರುತ್ತದೆ. ಪದರ ಬಿಟ್ಟುಕೊಂಡಿರುವ ಕಡೆ ಡಬ್ ಡಬ್ ಎಂದು ಖಾಲಿ ಡಬ್ಬ ತಟ್ಟಿದ ಹಾಗೆ ಕೇಳುತ್ತದೆ. ಪೊಳ್ಳು ಸದ್ದು ಬಂದ ಜಾಗವನ್ನು ಸೀಮೆಸುಣ್ಣದಲ್ಲಿ ಸುತ್ತು ಹಾಕಿ ಗುರುತು ಮಾಡಿ. ಕೊನೆಗೆ ನಿಂತು ನೋಡಿದರೆ ನಿಮ್ಮ ಅಂಗಳದ ನಕ್ಷೆಯೇ ಎದುರಿಗಿರುತ್ತದೆ. ಸುತ್ತುಗಳು ಅಲ್ಲೊಂದು ಇಲ್ಲೊಂದು ಇದ್ದರೆ ಧೈರ್ಯವಾಗಿ ಮುಂದುವರಿಯಿರಿ. ಅರ್ಧಕ್ಕಿಂತ ಜಾಸ್ತಿ ಜಾಗ ಪೊಳ್ಳಾಗಿದ್ದರೆ ಮೇಲೆ ಏನು ಹಾಕಿದರೂ ದಂಡ.

ಇನ್ನು ಕೆಲವು ಸಂದರ್ಭಗಳಲ್ಲಿ ಮೇಲ್ಪದರದ ಮಾತೇ ಬೇಡ. ಬಿರುಕಿನ ಒಂದು ಬದಿ ಇನ್ನೊಂದಕ್ಕಿಂತ ಕೆಳಗಿಳಿದಿದೆ, ನೆಲ ತುಂಡು ತುಂಡಾಗಿ ಕಾಲಿಟ್ಟರೆ ಅಲುಗಾಡುತ್ತದೆ, ಮರದ ಬೇರು ಕೆಳಗಿನಿಂದ ಎತ್ತಿದೆ, ಬಿರುಕಿನೊಳಗಿಂದ ಕಬ್ಬಿಣದ ತುಕ್ಕಿನ ಕಲೆ ಇಳಿಯುತ್ತಿದೆ. ಇವೆಲ್ಲ ಕೆಳಗಿನ ತೊಂದರೆಗಳು. ಮೊದಲು ಅವು ಸರಿಹೋಗಬೇಕು.

ಚೆನ್ನಾಗಿಯೇ ಇದ್ದ ನೆಲ ಹೀಗೆ ಪುಡಿಯಾಗುವುದು ಯಾಕೆ?

ತಪ್ಪು ಸಾಮಾನ್ಯವಾಗಿ ಮೊದಲ ದಿನದ್ದು. ಕಲಸುವಾಗ ನೀರು ಜಾಸ್ತಿಯಾದರೆ ಆ ನೀರು ಮೇಲಕ್ಕೆ ಬಂದು ನಿಲ್ಲುತ್ತದೆ. ಅದು ಆರುವ ಮೊದಲೇ ಕರಣೆ ಆಡಿಸಿದರೆ ನೀರು, ಸಿಮೆಂಟ್, ನುಣುಪು ಪುಡಿ ಸೇರಿ ಮೇಲೊಂದು ದುರ್ಬಲ ಕೆನೆ ಕಟ್ಟುತ್ತದೆ. ನೀರು ಬೇಗ ಹೀರಲಿ ಅಂತ ಒಣ ಸಿಮೆಂಟ್ ಉದುರಿಸಿ ತಿಕ್ಕಿದರೂ ಅಷ್ಟೆ. ಆಮೇಲೆ ಕ್ಯೂರಿಂಗ್, ಅಂದರೆ ಗಟ್ಟಿಯಾಗುವವರೆಗೆ ತೇವ ಕಾಯುವುದು, ಸರಿಯಾಗದಿದ್ದರೆ ಆ ಕೆನೆ ಗಟ್ಟಿಯಾಗುವುದೇ ಇಲ್ಲ. ಹಿಮ ಬೀಳುವ ಜಾಗಗಳಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ: ಒಳಗೆ ಹೀರಿದ ನೀರು ಹೆಪ್ಪುಗಟ್ಟಿ ಹಿಗ್ಗಿ, ಮೇಲಿನ ಚಕ್ಕೆಗಳನ್ನು ಎಬ್ಬಿಸುತ್ತದೆ.

ಸುಮ್ನೆ ಸಿಮೆಂಟ್ ಹಾಲು ಸುರಿದು ಪೊರಕೆ ಆಡಿಸಿದರೆ ಸಾಲದಾ?

ಸಾಲದು. ನಾನು ಕೆಡಿಸಿದ್ದು ಇದನ್ನೇ ಮಾಡಿ. ನೆಲ ಗುಡಿಸಿ, ನೀರು ಚಿಮುಕಿಸಿ, ಸಿಮೆಂಟನ್ನು ನೀರಿನಲ್ಲಿ ತೆಳ್ಳಗೆ ಕದಡಿ ಹರಡಿದೆ. ಸಂಜೆಗೆ ನೋಡಿದರೆ ಹೊಸ ಅಂಗಳದ ಹಾಗೆ ಕಾಣುತ್ತಿತ್ತು. ಕೆಲವೇ ವಾರಗಳಲ್ಲಿ ಕೂದಲೆಳೆಯಂಥ ಬಿರುಕುಗಳು ಬಲೆಯ ಹಾಗೆ ಹರಡಿದವು. ಮೂರು ತಿಂಗಳಿಗೆ ಉಗುರಿನಲ್ಲಿ ಎತ್ತಿದರೆ ಅಂಗೈ ಅಗಲದ ಚಕ್ಕೆ ಎದ್ದು ಬರುತ್ತಿತ್ತು.

ಒಂದು ಚಕ್ಕೆಯನ್ನು ತಿರುಗಿಸಿ ನೋಡಿದೆ. ಮೇಲ್ಭಾಗ ನುಣುಪಾಗಿ, ಗಟ್ಟಿಯಾಗಿತ್ತು. ಕೆಳಭಾಗದಲ್ಲಿ ಬೂದುಬಣ್ಣದ ಧೂಳು ಹಿಟ್ಟಿನ ಹಾಗೆ ಅಂಟಿಕೊಂಡಿತ್ತು. ಬೆರಳಲ್ಲಿ ಉಜ್ಜಿದರೆ ಉದುರಿ ಹೋಯಿತು. ನನ್ನ ಸಿಮೆಂಟ್ ಹಿಡಿದುಕೊಂಡದ್ದು ಧೂಳನ್ನು, ಕಾಂಕ್ರೀಟನ್ನಲ್ಲ. ಗುಡಿಸಿದ್ದೇನೆ ಅಂದುಕೊಂಡಿದ್ದೆ. ಪೊರಕೆಗೆ ಬಾರದ ಧೂಳು ಅಲ್ಲೇ ಕೂತಿತ್ತು.

ಧೂಳು ಇಲ್ಲದಿದ್ದರೂ ಬರೀ ಸಿಮೆಂಟ್ ಹಾಲು ನಿಲ್ಲುವುದು ಕಷ್ಟ. ಸಿಮೆಂಟ್ ಗಟ್ಟಿಯಾಗುವುದು ಒಣಗಿ ಅಲ್ಲ, ನೀರಿನ ಜೊತೆ ಸೇರಿ. ತೆಳ್ಳಗಿನ ಪದರದ ನೀರನ್ನು ಕೆಳಗಿನ ಕಾಂಕ್ರೀಟ್ ಹೀರುತ್ತದೆ, ಮೇಲಿನಿಂದ ಬಿಸಿಲು ಎಳೆಯುತ್ತದೆ. ಗಟ್ಟಿಯಾಗುವ ಮೊದಲೇ ಅದು ಒಣಗಿಬಿಡುತ್ತದೆ. ಮರಳಿಲ್ಲದ ಸಿಮೆಂಟ್ ಕುಗ್ಗುವುದೂ ಜಾಸ್ತಿ. ಕುಗ್ಗುವ ಪದರ ಕೆಳಗಿನದ್ದನ್ನು ಗಟ್ಟಿಯಾಗಿ ಹಿಡಿದಿರದಿದ್ದರೆ ಬಿಟ್ಟುಕೊಳ್ಳಲೇಬೇಕು, ಅಲ್ವಾ?

ದುಡ್ಡು ಕಡಿಮೆ ಇದೆ. ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು?

ಕೂಲಿಯಲ್ಲಿ ಉಳಿಸಿ. ತೊಳೆಯುವುದು, ಉಜ್ಜುವುದು, ಪೊಳ್ಳು ಜಾಗ ಕೆತ್ತುವುದು, ಬಿರುಕು ಕೆರೆಯುವುದು, ಇವೆಲ್ಲ ಯಾರು ಬೇಕಾದರೂ ಮಾಡಬಹುದಾದ ಕೆಲಸ, ಸಮಯ ತಿನ್ನುವ ಕೆಲಸ. ಉಪಕರಣಗಳಲ್ಲಿ ಉಳಿಸಿ: ಒತ್ತಡದ ನೀರಿನ ಯಂತ್ರ ಒಂದು ದಿನಕ್ಕೆ ಬಾಡಿಗೆಗೆ ತಂದರೆ ಸಾಕು. ನೆರೆಯವರದ್ದೂ ಅಂಗಳ ಸವೆದಿದ್ದರೆ ಬಾಡಿಗೆ ಹಂಚಿಕೊಳ್ಳಿ. ಚಿತ್ತಾರದ ಅಚ್ಚು, ಬಣ್ಣದ ಪುಡಿ ಎಲ್ಲ ಬಿಟ್ಟುಬಿಡಿ. ಪೊರಕೆಯ ಗೀರು ಎಳೆದ ಸಾದಾ ನೆಲ ನೋಡಲೂ ಚೆನ್ನ, ಕಾಲಿಗೂ ಒಳ್ಳೆಯದು.

ಅಂಟಿಸುವ ಸಾಮಗ್ರಿಯಲ್ಲಿ ಮಾತ್ರ ಉಳಿಸಬೇಡಿ. ಪಾಲಿಮರ್ (ಸಿಮೆಂಟಿಗೆ ಹಿಡಿತ ಕೊಡುವ ಪ್ಲಾಸ್ಟಿಕ್ ಅಥವಾ ರಬ್ಬರ್ ಬಗೆಯ ಅಂಟು) ಸೇರಿದ ಮಿಶ್ರಣಕ್ಕೆ ಬದಲು ಬರೀ ಸಿಮೆಂಟ್ ಬಳಸಿ ಉಳಿಸಿದ ಹಣ ಮುಂದಿನ ವರ್ಷ ಎರಡರಷ್ಟು ಕೇಳುತ್ತದೆ.

ಒಂದೇ ಸಲಕ್ಕೆ ಹಣ ಹೊಂದುವುದಿಲ್ಲವಾದರೆ ಅಂಗಳವನ್ನು ಭಾಗ ಮಾಡಿಕೊಳ್ಳಿ. ಹಳೆಯ ಕಾಂಕ್ರೀಟಿನಲ್ಲಿ ಮೊದಲೇ ಗೆರೆ ಹೊಡೆದ ಜಾಯಿಂಟ್‌ಗಳಿರುತ್ತವೆ. ಒಂದು ಜಾಯಿಂಟ್‌ನಿಂದ ಇನ್ನೊಂದು ಜಾಯಿಂಟ್‌ವರೆಗೆ ಈ ತಿಂಗಳು, ಉಳಿದದ್ದು ಮುಂದಿನ ತಿಂಗಳು. ಬಣ್ಣ ಸ್ವಲ್ಪ ಬೇರೆಯಾಗಿ ಕಾಣಬಹುದು, ಕೆಲಸಕ್ಕೇನೂ ತೊಂದರೆಯಿಲ್ಲ.

ಮೇಲ್ಪದರವೂ ಬೇಡ, ಇನ್ನೂ ಕಡಿಮೆಯಲ್ಲಿ ಆಗುವ ದಾರಿ ಇದೆಯಾ?

ತೊಂದರೆ ಬರೀ ಧೂಳು ಏಳುವುದಾದರೆ ಇದೆ. ಸಿಲಿಕೇಟ್ ಇರುವ ಗಟ್ಟಿಕಾರಕ ದ್ರಾವಣ ಸಿಗುತ್ತದೆ. ಸೋಡಿಯಂ ಸಿಲಿಕೇಟ್, ಲಿಥಿಯಂ ಸಿಲಿಕೇಟ್ ಎಂಬ ಹೆಸರುಗಳು ಡಬ್ಬದ ಮೇಲಿರುತ್ತವೆ. ಅದು ಕಾಂಕ್ರೀಟಿನೊಳಗೆ ಇಳಿದು, ಅಲ್ಲಿರುವ ಸುಣ್ಣದ ಅಂಶದ ಜೊತೆ ಸೇರಿ ಗಟ್ಟಿಯಾಗುತ್ತದೆ. ತೊಳೆದು ಒಣಗಿಸಿದ ನೆಲಕ್ಕೆ ಸಿಂಪಡಿಸಿ ಪೊರಕೆಯಿಂದ ಹರಡಿದರೆ ಆಯಿತು. ಗುಂಡಿ, ಬಿರುಕು, ಎದ್ದ ಚಕ್ಕೆಗಳಿಗೆ ಇದು ಮದ್ದಲ್ಲ. ಮುಂದೆ ಮೇಲ್ಪದರ ಎಳೆಯುವ ಯೋಚನೆ ಇದ್ದರೆ ಇದನ್ನು ಹಚ್ಚಬೇಡಿ, ನೆಲದ ರಂಧ್ರಗಳು ಮುಚ್ಚಿಕೊಂಡು ಹೊಸ ಪದರಕ್ಕೆ ಹಿಡಿತ ಸಿಗುವುದಿಲ್ಲ.

ಎಷ್ಟು ಸಾಮಗ್ರಿ ಬೇಕು, ಲೆಕ್ಕ ಹೇಗೆ?

ಚದರ ಮೀಟರಿಗೆ, ಒಂದು ಮಿಲಿಮೀಟರ್ ದಪ್ಪಕ್ಕೆ, ಸುಮಾರು 2 ಕೆಜಿ ಒಣ ಪುಡಿ. ನೆನಪಿಡಲು ಇದೊಂದೇ ಸಾಕು. 12 ಚದರ ಮೀಟರಿಗೆ 3 ಮಿಲಿಮೀಟರ್ ಅಂದರೆ 12 × 3 × 2 = 72 ಕೆಜಿ. 25 ಕೆಜಿ ಚೀಲದ ಲೆಕ್ಕದಲ್ಲಿ ಮೂರು ಚೀಲ. ನಾಲ್ಕು ತನ್ನಿ. ಸವೆದ ನೆಲದ ಒರಟು ಮೇಲ್ಮೈ ಲೆಕ್ಕಕ್ಕಿಂತ ಜಾಸ್ತಿಯೇ ತಿನ್ನುತ್ತದೆ. ಅರ್ಧ ಎಳೆದ ಮೇಲೆ ಪುಡಿ ಮುಗಿದರೆ ಆ ಅಂಚು ಶಾಶ್ವತವಾಗಿ ಕಾಣುತ್ತದೆ. ಬಿಚ್ಚದ ಚೀಲವನ್ನು ವಾಪಸ್ ತೆಗೆದುಕೊಳ್ಳುತ್ತಾರಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ನೆಲ ತಯಾರು ಮಾಡುವುದು ಅಂದರೆ ಏನೇನು ಮಾಡಬೇಕು?

ಇದಕ್ಕೆ ಎಷ್ಟು ಹೊತ್ತು ಕೊಟ್ಟರೂ ಕಡಿಮೆ. ಎಳೆಯುವ ಕೆಲಸ ಒಂದು ಬೆಳಗಿನದ್ದು. ತಯಾರಿ ಎರಡು ಮೂರು ದಿನದ್ದು.

ಮೊದಲು ಸೀಮೆಸುಣ್ಣದಲ್ಲಿ ಸುತ್ತು ಹಾಕಿದ ಪೊಳ್ಳು ಜಾಗಗಳನ್ನು ಉಳಿ, ಸುತ್ತಿಗೆಯಿಂದ ಕೆತ್ತಿ ತೆಗೆಯಿರಿ. ಗಟ್ಟಿ ಸದ್ದು ಬರುವವರೆಗೆ ನಿಲ್ಲಿಸಬೇಡಿ. ಕಣ್ಣಿಗೆ ಚೆನ್ನಾಗಿ ಕಾಣುವ ನೆಲವನ್ನು ಒಡೆಯಲು ಮನಸ್ಸು ಬರುವುದಿಲ್ಲ. ಆದರೆ ಇವತ್ತು ನೀವು ಬಿಟ್ಟ ಪೊಳ್ಳು ನಾಳೆ ಹೊಸ ಪದರವನ್ನೂ ಜೊತೆಗೆ ಎತ್ತಿಕೊಂಡು ಏಳುತ್ತದೆ.

ಆಮೇಲೆ ಪಾಚಿ, ಮಣ್ಣು, ಹಳೆಯ ಬಣ್ಣ, ನೀರು ಹೀರದಂತೆ ಹಚ್ಚಿದ ಸೀಲರ್ ಎಲ್ಲವೂ ಹೋಗಬೇಕು. ಗಟ್ಟಿ ತಂತಿಯ ಬ್ರಷ್ ಹಿಡಿದು ಉಜ್ಜಿ. ಒತ್ತಡದ ನೀರಿನ ಯಂತ್ರ ಸಿಕ್ಕರೆ ಅರ್ಧ ಕೆಲಸ ಅದೇ ಮಾಡುತ್ತದೆ. ಅದರ ಮೂತಿಯನ್ನು ಒಂದೇ ಕಡೆ ಹಿಡಿದು ನಿಲ್ಲಬೇಡಿ, ಗಟ್ಟಿ ಕಾಂಕ್ರೀಟನ್ನೂ ಕೊರೆಯುತ್ತದೆ. ನುಣುಪಾಗಿ ಹೊಳೆಯುವ ಜಾಗಗಳಿದ್ದರೆ ಗ್ರೈಂಡರಿಗೆ ಡೈಮಂಡ್ ಕಪ್ ಚಕ್ರ ಹಾಕಿ ಒರಟು ಮಾಡಬೇಕು. ಕಾಂಕ್ರೀಟಿನ ಒಣ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶಕ್ಕೆ ಇಳಿದರೆ ವಾಸಿಯಾಗದ ಕಾಯಿಲೆ ತರುತ್ತದೆ. ಎನ್95 ಅಥವಾ ಅದಕ್ಕಿಂತ ಒಳ್ಳೆಯ ಮಾಸ್ಕ್ ಹಾಕಿಕೊಳ್ಳಿ. ಧೂಳು ಹೀರುವ ವ್ಯವಸ್ಥೆ ಇರುವ ಗ್ರೈಂಡರ್ ಅಥವಾ ನೀರು ಬಿಟ್ಟುಕೊಂಡೇ ಉಜ್ಜಲು ಮಾಡಿದ ಯಂತ್ರವನ್ನು ಬಾಡಿಗೆಗೆ ತನ್ನಿ. ಸಾದಾ ವಿದ್ಯುತ್ ಗ್ರೈಂಡರ್ ಮೇಲೆ ನೀರು ಬೀಳಬಾರದು.

ಕೊನೆಗೆ ತೊಳೆಯುವುದು. ಒಂದು ಸಲ ಅಲ್ಲ, ಹರಿದು ಹೋಗುವ ನೀರು ತಿಳಿಯಾಗುವವರೆಗೆ. ನೆಲ ಒಣಗಿದ ಮೇಲೆ ಅಂಗೈಯಿಂದ ಸವರಿ ನೋಡಿ. ಅಂಗೈಗೆ ಬೂದು ಮೆತ್ತಿಕೊಂಡರೆ ಮತ್ತೆ ತೊಳೆಯಿರಿ. ನಾನು ಎರಡನೆಯ ಸಲ ಈ ಪರೀಕ್ಷೆಯಲ್ಲಿ ಮೂರು ಬಾರಿ ವಾಪಸ್ ಹೋಗಿ ತೊಳೆದಿದ್ದೇನೆ.

ಇನ್ನೊಂದು ಪರೀಕ್ಷೆ ನೀರಿನದ್ದು. ಅಲ್ಲಲ್ಲಿ ಒಂದೊಂದು ಚಮಚ ನೀರು ಹಾಕಿ. ನಿಮಿಷದೊಳಗೆ ಹೀರಿ ನೆಲ ಕಪ್ಪಾದರೆ ಸರಿ. ಎಲೆಯ ಮೇಲಿನ ಹನಿಯ ಹಾಗೆ ಮುತ್ತಾಗಿ ನಿಂತರೆ ಅಲ್ಲಿ ಎಣ್ಣೆಯೋ ಹಳೆಯ ಸೀಲರೋ ಉಳಿದಿದೆ ಅಂತ ಅರ್ಥ. ನೀರನ್ನೇ ಒಳಗೆ ಬಿಡದ ಜಾಗ ಹೊಸ ಪದರವನ್ನೂ ಹಿಡಿದುಕೊಳ್ಳುವುದಿಲ್ಲ.

ಆಸಿಡ್ ಹಾಕಿ ತೊಳೆದರೆ ಸುಲಭ ಅನ್ನುತ್ತಾರೆ. ಹಾಕಬಹುದಾ?

ನನ್ನ ಮಾತು ಕೇಳಿದರೆ ಬೇಡ. ಉಜ್ಜುವುದೇ ಒಳ್ಳೆಯದು. ಆಸಿಡ್ ಎಣ್ಣೆಯನ್ನೂ ಬಣ್ಣವನ್ನೂ ತೆಗೆಯುವುದಿಲ್ಲ. ಸರಿಯಾಗಿ ತೊಳೆಯದೆ ಉಳಿದರೆ ಅದರ ಉಪ್ಪುಗಳು ಹೊಸ ಪದರಕ್ಕೇ ಶತ್ರು. ಸುತ್ತಲಿನ ಗಿಡಗಳಿಗೆ, ಲೋಹದ ಬಾಗಿಲುಗಳಿಗೆ ಹಾನಿ.

ಬಳಸಲೇಬೇಕಾದರೆ ಕೆಲವು ಮಾತು ಮರೆಯಬೇಡಿ. ನೀರಿಗೆ ಆಸಿಡ್ ಸುರಿಯಬೇಕು, ಆಸಿಡ್‌ಗೆ ನೀರು ಸುರಿಯಬಾರದು, ಸಿಡಿಯುತ್ತದೆ. ಪ್ರಮಾಣ ಡಬ್ಬದ ಮೇಲೆ ಇದ್ದಷ್ಟೇ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವಸು, ಕಾಲಿಗೆ ಬೂಟು ಇರಲಿ. ಕೆಲಸ ಮುಗಿದ ಮೇಲೆ ಅಡುಗೆ ಸೋಡಾ ಕದಡಿದ ನೀರು ಹಾಕಿ ಶಮನ ಮಾಡಿ, ಮತ್ತೆ ಮತ್ತೆ ತೊಳೆಯಿರಿ. ಪಾಚಿಗೆ ಅಂತ ಬ್ಲೀಚ್ ಹಾಕಿದ ನೆಲದ ಮೇಲೆ ಆಸಿಡ್ ಹಾಕಲೇಬಾರದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅದು ವಿಷ.

ಎಣ್ಣೆ ಕಲೆ ಹೋಗುತ್ತಿಲ್ಲ.

ಬಟ್ಟೆ ಒಗೆಯುವ ಪುಡಿಯನ್ನು ಗಟ್ಟಿಯಾಗಿ ಕಲಸಿ ಕಲೆಯ ಮೇಲೆ ಬಳಿದು, ಬಿಸಿನೀರು ಹಾಕಿ ಉಜ್ಜಿ. ಎರಡು ಮೂರು ಸಲ ಮಾಡಿ, ನೀರಿನ ಹನಿಯ ಪರೀಕ್ಷೆ ಮಾಡಿ. ಆಗಲೂ ಹನಿ ಮುತ್ತಾಗಿ ನಿಂತರೆ ಅಷ್ಟು ಜಾಗವನ್ನು ಕೆತ್ತಿ ತೆಗೆದು ಗುಂಡಿಯ ಹಾಗೆ ತುಂಬುವುದೇ ದಾರಿ.

ಬಿರುಕುಗಳ ಮೇಲೆ ನೇರವಾಗಿ ಎಳೆದುಬಿಡಬಹುದಾ?

ಬಿರುಕು ಸತ್ತಿದೆಯೋ ಬದುಕಿದೆಯೋ ಅಂತ ಮೊದಲು ತಿಳಿಯಬೇಕು. ಯಾವತ್ತೋ ಒಮ್ಮೆ ಬಿಟ್ಟು ಅಲ್ಲಿಗೇ ನಿಂತದ್ದು ಸತ್ತ ಬಿರುಕು. ಬಿಸಿಲಿಗೆ ಚಳಿಗೆ ಅಗಲವಾಗುತ್ತಾ ಕಿರಿದಾಗುತ್ತಾ ಇರುವುದು ಬದುಕಿರುವ ಬಿರುಕು. ತಿಳಿಯಲು ಬಿರುಕಿಗೆ ಅಡ್ಡಲಾಗಿ ಒಂದು ಚಿಟಿಕೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿ, ಮಳೆ ತಾಗದಂತೆ ಮುಚ್ಚಿ ಬಿಡಿ. ಕೆಲವು ವಾರಗಳ ಮೇಲೆ ಅದು ಸೀಳಿದ್ದರೆ ಬಿರುಕು ಬದುಕಿದೆ. ಸೀಳದಿದ್ದರೂ ಹವೆ ಬದಲಾದಾಗ ಇನ್ನೊಮ್ಮೆ ನೋಡಿ.

ಸತ್ತ ಬಿರುಕನ್ನು ಉಳಿಯಿಂದ ಸ್ವಲ್ಪ ಅಗಲ ಮಾಡಿ, ಒಳಗಿನ ಮಣ್ಣು ತೆಗೆದು, ಪಾಲಿಮರ್ ಗಾರೆ ತುಂಬಿ. ಬದುಕಿರುವ ಬಿರುಕಿಗೆ ಗಟ್ಟಿ ಗಾರೆ ತುಂಬಿದರೆ ಮತ್ತೆ ಅಲ್ಲೇ ಒಡೆಯುತ್ತದೆ, ಹೊಸ ಪದರವನ್ನೂ ಒಡೆಯುತ್ತದೆ. ಅದನ್ನು ಜಾಯಿಂಟ್ ಅಂತಲೇ ಒಪ್ಪಿಕೊಳ್ಳಿ. ಹೊಸ ಪದರದಲ್ಲೂ ಅದೇ ಜಾಗದಲ್ಲಿ ಗೆರೆ ಬಿಟ್ಟು, ಒಳಗೆ ಫೋಮ್ ಹುರಿ ಒತ್ತಿ, ಮೇಲೆ ಪಾಲಿಯುರೆಥೇನ್ ಸೀಲಂಟ್ ತುಂಬಿ. ಅದು ರಬ್ಬರಿನ ಹಾಗೆ ಹಿಗ್ಗಿ ಕುಗ್ಗುತ್ತದೆ.

ಹಳೆಯ ಜಾಯಿಂಟ್‌ಗಳಿಗೂ ಇದೇ ನಿಯಮ. ಮುಚ್ಚಿ ಹಾಕಿದರೆ ಚೆನ್ನಾಗಿ ಕಾಣುತ್ತದೆ ಅಂತ ಆಸೆಯಾಗುತ್ತದೆ. ಮುಚ್ಚಬೇಡಿ. ಕೆಳಗೆ ಜಾಯಿಂಟ್ ಎಲ್ಲಿದೆಯೋ ಮೇಲೂ ಅಲ್ಲೇ ಇರಬೇಕು.

ಗುಂಡಿಗಳನ್ನು ಮೇಲ್ಪದರದ ಜೊತೆಗೇ ತುಂಬಬಹುದಾ?

ಮೊದಲೇ ತುಂಬಿ, ಗಟ್ಟಿಯಾಗಲು ಬಿಡಿ. ಗುಂಡಿಯ ಅಂಚು ತಟ್ಟೆಯ ಹಾಗೆ ಇಳಿಜಾರಾಗಿದ್ದರೆ ಅಲ್ಲಿ ಗಾರೆ ತೆಳುವಾಗಿ ಕೂತು ಮುರಿಯುತ್ತದೆ. ಸುತ್ತ ಅಂಚನ್ನು ನೇರವಾಗಿ, ಸುಮಾರು 10 ಮಿಲಿಮೀಟರ್ ಆಳಕ್ಕೆ ಕತ್ತರಿಸಿಕೊಳ್ಳಿ. ನೆಲ ತೇವ ಮಾಡಿ, ಸಿಮೆಂಟ್ ಮತ್ತು ಪಾಲಿಮರ್ ದ್ರವ ಕದಡಿದ ಅಂಟಿನ ಹಾಲನ್ನು ಬ್ರಷ್‌ನಿಂದ ತಿಕ್ಕಿ, ಅದು ಹಸಿಯಾಗಿರುವಾಗಲೇ ಗಾರೆ ಒತ್ತಿ ತುಂಬಿ.

ಸಿದ್ಧ ಪುಡಿ ತರಬೇಕಾ, ಮನೆಯಲ್ಲೇ ಕಲಸಬಹುದಾ?

ಎರಡೂ ಆಗುತ್ತದೆ. ಸಿದ್ಧ ಪುಡಿಯಲ್ಲಿ ಸಿಮೆಂಟ್, ನುಣುಪು ಮರಳು, ಪಾಲಿಮರ್ ಎಲ್ಲ ಅಳತೆ ಮಾಡಿ ಸೇರಿಸಿರುತ್ತಾರೆ. ಕೆಜಿ ಲೆಕ್ಕದಲ್ಲಿ ದುಬಾರಿ, ಆದರೆ 2-3 ಮಿಲಿಮೀಟರಿನಷ್ಟು ತೆಳ್ಳಗೆ ಎಳೆಯಬಹುದು. ಮೊದಲ ಸಲ ಮಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಮನೆಯಲ್ಲಿ ಕಲಸುವುದಾದರೆ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಜರಡಿ ಹಿಡಿದ, ಮಣ್ಣಿಲ್ಲದ ಮರಳು. ಜೊತೆಗೆ ಎಸ್‌ಬಿಆರ್ ಲ್ಯಾಟೆಕ್ಸ್ ಎಂಬ, ಹಾಲಿನಂಥ ಪಾಲಿಮರ್ ದ್ರವ. 50 ಕೆಜಿ ಸಿಮೆಂಟಿಗೆ ಸಾಮಾನ್ಯವಾಗಿ 10 ಲೀಟರ್ ಆಸುಪಾಸು ಹಿಡಿಯುತ್ತದೆ. ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ ಡಬ್ಬದ ಮೇಲಿನದ್ದೇ ಅಂತಿಮ. ಇದನ್ನು 6 ಮಿಲಿಮೀಟರಿಗಿಂತ ತೆಳುವಾಗಿ ಎಳೆಯಬೇಡಿ. ಪದರ ದಪ್ಪವಾಗುವುದರಿಂದ ತೂಕ ಎರಡರಷ್ಟಾಗುತ್ತದೆ. ಉಳಿತಾಯ ನಿಜವಾಗಿ ಎಷ್ಟು ಅಂತ ಎರಡೂ ಕಡೆಯ ಲೆಕ್ಕ ಹಾಕಿ ನೋಡಿ.

ಪಾಲಿಮರ್ ಇಲ್ಲದ ಬರೀ ಸಿಮೆಂಟ್ ಗಾರೆ ಹಾಕುವುದಾದರೆ ಕನಿಷ್ಠ 25 ಮಿಲಿಮೀಟರ್ ದಪ್ಪ ಬೇಕು. ಅಷ್ಟು ಎತ್ತರ ಏರಿದರೆ ಬಾಗಿಲು ತೆರೆಯುತ್ತದಾ, ಮಳೆನೀರು ಹೊಸ್ತಿಲು ದಾಟುತ್ತದಾ ಅಂತ ಮೊದಲೇ ಅಳೆಯಿರಿ.

ಸಿಮೆಂಟ್ ಹೊಸದಿರಲಿ. ಮೂರು ತಿಂಗಳು ದಾಟಿದ ಚೀಲದ ಶಕ್ತಿ ಕುಂದಿರುತ್ತದೆ. ಕೈ ಹಾಕಿದಾಗ ಒತ್ತಿದರೂ ಒಡೆಯದ ಗಂಟುಗಳು ಸಿಕ್ಕರೆ ಈ ಕೆಲಸಕ್ಕೆ ಬೇಡ.

ಮರಗೆಲಸದ ಬಿಳಿ ಅಂಟು ಮನೆಯಲ್ಲಿದೆ. ಲ್ಯಾಟೆಕ್ಸ್ ಬದಲು ಅದು ನಡೆಯುತ್ತದಾ?

ನಡೆಯುವುದಿಲ್ಲ. ಅದು ಪಿವಿಎ ಎಂಬ ಬೇರೆ ಬಗೆಯ ಪಾಲಿಮರ್. ಒಣಗಿದ ಮೇಲೂ ನೀರು ತಾಗಿದರೆ ಮತ್ತೆ ಮೆತ್ತಗಾಗುತ್ತದೆ. ಮಳೆಗೆ ಒಡ್ಡಿಕೊಂಡ ಅಂಗಳದಲ್ಲಿ ಅದು ಅಂಟಾಗಿ ಉಳಿಯುವುದಿಲ್ಲ.

ಎಳೆಯುವ ದಿನ ಕೆಲಸ ಯಾವ ಕ್ರಮದಲ್ಲಿ ಸಾಗಬೇಕು?

ಇಬ್ಬರು ಇರಬೇಕು. ಒಬ್ಬರು ಕಲಸಲು, ಒಬ್ಬರು ಎಳೆಯಲು. ಕಲಸಿದ್ದು ಇಪ್ಪತ್ತು ಮೂವತ್ತು ನಿಮಿಷದಲ್ಲಿ ಬಿಗಿಯಲು ಶುರುವಾಗುತ್ತದೆ, ಒಬ್ಬರೇ ಎರಡೂ ಕಡೆ ಓಡುವುದಕ್ಕೆ ಆಗದು.

ಹಿಂದಿನ ರಾತ್ರಿ ಅಥವಾ ಬೆಳಗ್ಗೆ ಬೇಗ ನೆಲವನ್ನು ಚೆನ್ನಾಗಿ ನೆನೆಸಿ. ಎಳೆಯುವ ಹೊತ್ತಿಗೆ ನೆಲ ಒಳಗೆ ತಂಪಾಗಿ, ಮೇಲೆ ನೀರು ನಿಲ್ಲದೆ ಇರಬೇಕು. ಒದ್ದೆ ಬಟ್ಟೆ ಹಿಂಡಿದ ಮೇಲೆ ಇರುತ್ತದಲ್ಲ, ಆ ತೇವ. ನಿಂತ ನೀರನ್ನು ಗುಡಿಸಿ ತೆಗೆಯಿರಿ.

ಬಕೆಟ್ಟಿಗೆ ಮೊದಲು ಅಳತೆಯ ನೀರು, ಆಮೇಲೆ ಪುಡಿ. ಡ್ರಿಲ್ಲಿಗೆ ಕಲಸುವ ಕಡ್ಡಿ ಸಿಕ್ಕಿಸಿ ನಿಧಾನ ವೇಗದಲ್ಲಿ ಗಂಟಿಲ್ಲದಂತೆ ಕಲಸಿ. ಪ್ರತಿ ಬಕೆಟ್ಟಿಗೂ ನೀರನ್ನು ಅದೇ ಪಾತ್ರೆಯಲ್ಲಿ ಅಳೆಯಿರಿ. ಕಣ್ಣಳತೆಯಲ್ಲಿ ಸುರಿದರೆ ಒಂದು ಬಕೆಟ್ ಕಪ್ಪು, ಇನ್ನೊಂದು ಬಿಳಿಚು ಆಗಿ ಅಂಗಳ ತೇಪೆ ಹಾಕಿದ ಹಾಗೆ ಕಾಣುತ್ತದೆ. ಬಿಗಿಯಾಯಿತು ಅಂತ ಮಧ್ಯದಲ್ಲಿ ನೀರು ಸೇರಿಸಬಾರದು. ಹಾಗೆ ಸೇರಿಸಿದ ಪ್ರತಿ ಲೋಟ ನೀರೂ ಪದರದ ಶಕ್ತಿಯನ್ನು ಕದಿಯುತ್ತದೆ. ಬಿಗಿದದ್ದನ್ನು ಚೆಲ್ಲಿಬಿಡಿ.

ದೂರದ ಮೂಲೆಯಿಂದ ಶುರುಮಾಡಿ, ಹೊರಗೆ ಬರುವ ದಾರಿಯ ಕಡೆಗೆ ಹಿಂದೆ ಸರಿಯುತ್ತಾ ಬನ್ನಿ. ಮೊದಲು ಸ್ವಲ್ಪ ಸುರಿದು ಗಟ್ಟಿ ಪೊರಕೆಯಿಂದ ನೆಲಕ್ಕೆ ತಿಕ್ಕಿ, ರಂಧ್ರಗಳೊಳಗೆ ಹೋಗಲಿ. ಅದು ಒಣಗುವ ಮೊದಲೇ ಉಳಿದದ್ದನ್ನು ಸುರಿದು, ಉದ್ದ ಹಿಡಿಯ ರಬ್ಬರ್ ಪಟ್ಟಿಯಿಂದ ಎಳೆಯಿರಿ. ತಿಕ್ಕಿದ ಪದರ ಒಣಗಿಬಿಟ್ಟರೆ ಅದು ಅಂಟಾಗುವ ಬದಲು ಅಡ್ಡಗೋಡೆಯಾಗುತ್ತದೆ. ಹಾಗಾಗಿ ಕೈಗೆಟುಕುವಷ್ಟೇ ಜಾಗ ತಿಕ್ಕಿ, ಅಷ್ಟನ್ನೇ ಮುಚ್ಚಿ, ಮುಂದೆ ಹೋಗಿ.

ಮೇಲಿನ ಹೊಳಪು ಇಳಿಯುತ್ತಿದ್ದ ಹಾಗೆ ಮೆತ್ತನೆಯ ಪೊರಕೆಯನ್ನು ಒಂದೇ ಎಳೆತಕ್ಕೆ ಒಂದು ಬದಿಯಿಂದ ಇನ್ನೊಂದು ಬದಿಗೆ ಎಳೆಯಿರಿ. ಮಧ್ಯದಲ್ಲಿ ನಿಲ್ಲಿಸಿದರೆ ಗುರುತು ಉಳಿಯುತ್ತದೆ. ನೀರು ಹರಿಯುವ ದಿಕ್ಕಿಗೇ ಗೀರು ಬಿದ್ದರೆ ಗೀರುಗಳಲ್ಲಿ ನೀರು ನಿಲ್ಲುವುದಿಲ್ಲ. ಈ ಗೀರು ಇಲ್ಲದ ನುಣುಪು ಅಂಗಳ ಒದ್ದೆಯಾದಾಗ ಜಾರುತ್ತದೆ. ವಯಸ್ಸಾದವರು ಇರುವ ಮನೆಯಲ್ಲಿ ಇದನ್ನು ಖಂಡಿತ ಬಿಡಬೇಡಿ.

ಕೈಗವಸು ಮರೆಯಬೇಡಿ. ಹಸಿ ಸಿಮೆಂಟ್ ಚರ್ಮವನ್ನು ಸುಡುತ್ತದೆ, ಸುಟ್ಟದ್ದು ತಕ್ಷಣ ಗೊತ್ತಾಗುವುದಿಲ್ಲ. ಮಂಡಿಯೂರಿ ಕೆಲಸ ಮಾಡುವಾಗ ಒದ್ದೆಯಾದ ಪ್ಯಾಂಟನ್ನು ಕೂಡಲೇ ಬದಲಿಸಿ, ಕಾಲು ತೊಳೆಯಿರಿ.

ಯಾವ ಹವೆ ಒಳ್ಳೆಯದು?

ಮೋಡ ಮುಸುಕಿದ, ಗಾಳಿ ಕಡಿಮೆ ಇರುವ, ಮಳೆ ಬಾರದ ದಿನ. ತಾಪ 10ರಿಂದ 30 ಡಿಗ್ರಿ ಸೆಲ್ಸಿಯಸ್ ಒಳಗಿರಲಿ. ಬಿಸಿಲಿನ ಕಾಲವಾದರೆ ನೆಲ ಕಾಯುವ ಮೊದಲೇ ಬೆಳಗ್ಗೆ ಮುಗಿಸಿ. ಬಿಸಿಲಿಗಿಂತಲೂ ಒಣ ಗಾಳಿಗೆ ನಾನು ಹೆಚ್ಚು ಹೆದರುತ್ತೇನೆ. ತೆಳು ಪದರದ ನೀರನ್ನು ಅದು ಕಣ್ಣೆದುರಿಗೇ ಎಳೆದು ಬಿರುಕು ಬಿಡಿಸುತ್ತದೆ.

ಕ್ಯೂರಿಂಗ್ ಎಷ್ಟು ದಿನ?

ಇಲ್ಲಿ ಅನುಭವಿಗಳೂ ಎಡವುತ್ತಾರೆ. ಬರೀ ಸಿಮೆಂಟ್ ಗಾರೆಗೆ ಕನಿಷ್ಠ 7 ದಿನ ತೇವ ಬೇಕು. ಒದ್ದೆ ಗೋಣಿಚೀಲ ಹಾಸಿ, ಒಣಗದಂತೆ ನೋಡಿಕೊಳ್ಳಿ. ಲ್ಯಾಟೆಕ್ಸ್ ಸೇರಿಸಿದ ಪದರಕ್ಕೆ ಹಾಗಲ್ಲ. ಮೊದಲ ಒಂದು ದಿನ ತೇವವಾಗಿ ಮುಚ್ಚಿಟ್ಟು, ಆಮೇಲೆ ಗಾಳಿಗೆ ಆರಲು ಬಿಡಬೇಕು. ಒಳಗಿನ ಪಾಲಿಮರ್ ಗಟ್ಟಿಯಾಗುವುದು ಆರಿದಾಗಲೇ. ವಾರಗಟ್ಟಲೆ ನೀರು ಕಟ್ಟಿ ನಿಲ್ಲಿಸಿದರೆ ಒಳ್ಳೆಯದಾಗುವ ಬದಲು ಕೆಡುತ್ತದೆ. ಸಿದ್ಧ ಪುಡಿಗಳಲ್ಲಿ ಕೆಲವಕ್ಕೆ ನೀರೇ ಬೇಡ. ಚೀಲದ ಹಿಂಬದಿ ಓದಿ.

ಓಡಾಟಕ್ಕೆ ಒಂದು ದಿನ ಬಿಡಿ. ಭಾರದ ಕುಂಡ, ಬೆಂಚುಗಳನ್ನು ವಾರದ ಮೇಲೆ ಇಡಿ. ಎಳೆಯಬೇಡಿ, ಎತ್ತಿ ಇಡಿ.

ಅಂಗಳದ ಮಧ್ಯೆ ನೀರು ನಿಲ್ಲುತ್ತದೆ. ಮೇಲ್ಪದರದಿಂದ ಸರಿಹೋಗುತ್ತದಾ?

ಸಣ್ಣ ತಗ್ಗು ಸರಿಹೋಗುತ್ತದೆ. ಮಳೆ ಬಂದು ನಿಂತಾಗ ನೀರಿನ ಅಂಚನ್ನು ಸೀಮೆಸುಣ್ಣದಲ್ಲಿ ಗುರುತಿಸಿ, ಒಣಗಿದ ಮೇಲೆ ಅಷ್ಟು ಜಾಗವನ್ನು ಮೊದಲು ತುಂಬಿ. ಇಡೀ ಅಂಗಳದ ಇಳಿಜಾರೇ ಮನೆಯ ಕಡೆಗಿದ್ದರೆ ತೆಳು ಪದರದಿಂದ ಆಗದು. ಅಂಗಳ ಮನೆಯಿಂದ ಹೊರಗೆ, ಪ್ರತಿ ಮೀಟರಿಗೆ 1ರಿಂದ 2 ಸೆಂಟಿಮೀಟರ್ ಇಳಿಯಬೇಕು. ಒಂದು ಉದ್ದ ಹಲಗೆಯ ಮೇಲೆ ರಸಮಟ್ಟ ಇಟ್ಟು ನೋಡಿ.

ಮೇಲೆ ಬಣ್ಣ ಬಳಿಯಬಹುದಾ? ಸೀಲರ್ ಬೇಕಾ?

ಬಣ್ಣ ನನಗೆ ಇಷ್ಟವಿಲ್ಲ. ನೆಲದ ಕೆಳಗಿನಿಂದ ತೇವ ಏರಿ ಬಂದು ಅದನ್ನು ಗುಳ್ಳೆ ಎಬ್ಬಿಸುತ್ತದೆ. ತೇವ ಇದೆಯೋ ತಿಳಿಯಲು 45 ಸೆಂಟಿಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಒಳಗೆ ಹನಿಗಟ್ಟಿದ್ದರೆ, ನೆಲ ಕಪ್ಪಾಗಿದ್ದರೆ, ಬಣ್ಣದ ಆಸೆ ಬಿಡಿ.

ಸೀಲರ್ ಒಳ್ಳೆಯದು. ಮೇಲೆ ಹೊಳೆಯುವ ಪೊರೆ ಕಟ್ಟುವ ಬಗೆಗಿಂತ ಒಳಗಿಳಿಯುವ ಸಿಲೇನ್, ಸಿಲಾಕ್ಸೇನ್ ಬಗೆ ಅಂಗಳಕ್ಕೆ ಸೂಕ್ತ. ನೀರನ್ನು ತಡೆಯುತ್ತದೆ, ಆವಿಯನ್ನು ಬಿಡುತ್ತದೆ, ಜಾರಿಸುವುದಿಲ್ಲ. ಪದರ ಎಳೆದು 28 ದಿನ ಕಳೆದ ಮೇಲೆ ಹಚ್ಚಿ.

ಮೇಸ್ತ್ರಿಗೆ ಕೊಟ್ಟರೆ ಏನು ಹೇಳಬೇಕು?

ತಯಾರಿ ಮುಗಿಸಿ, ಎಳೆಯುವುದಕ್ಕೆ ಮಾತ್ರ ಕರೆಯಿರಿ. ಮೂರು ಮಾತು ಮೊದಲೇ ಆಡಿಕೊಳ್ಳಿ: ಒಣ ಸಿಮೆಂಟ್ ಉದುರಿಸಿ ನುಣುಪು ಮಾಡುವುದು ಬೇಡ, ಕಲಸಿದ ಮೇಲೆ ನೀರು ಸೇರಿಸುವುದು ಬೇಡ, ಹಳೆಯ ಜಾಯಿಂಟ್ ಮುಚ್ಚುವುದು ಬೇಡ.

ಎಲ್ಲ ಮಾಡಿಯೂ ಒಂದು ಕಡೆ ಎದ್ದಿತು. ಏನು ತಪ್ಪಾಯಿತು?

ಚಕ್ಕೆಯ ಹಿಂಬದಿ ನೋಡಿ, ಅದರಲ್ಲಿ ಉತ್ತರ ಇರುತ್ತದೆ. ಧೂಳು ಅಂಟಿದ್ದರೆ ತೊಳೆದದ್ದು ಸಾಲಲಿಲ್ಲ. ಹಳೆಯ ಕಾಂಕ್ರೀಟಿನ ಕಲ್ಲು ಮರಳು ಕಿತ್ತುಕೊಂಡು ಬಂದಿದ್ದರೆ ಅಂಟು ಗಟ್ಟಿಯಾಗಿಯೇ ಇತ್ತು, ಕೆಳಗಿನ ಪೊಳ್ಳನ್ನು ಕೆತ್ತದೆ ಬಿಟ್ಟಿದ್ದೀರಿ. ಗಾಜಿನ ಹಾಗೆ ನುಣುಪಾಗಿ ಹೊಳೆಯುತ್ತಿದ್ದರೆ ಹಳೆಯ ಸೀಲರ್ ಉಳಿದಿತ್ತು, ಅಥವಾ ಅಂಟಿನ ಹಾಲು ಒಣಗಿದ ಮೇಲೆ ಎಳೆದಿದ್ದೀರಿ. ಇಡೀ ಅಂಗಳ ಕೀಳಬೇಡಿ. ತಟ್ಟಿ ನೋಡಿ, ಪೊಳ್ಳಾದಷ್ಟನ್ನು ಚೌಕವಾಗಿ ಕತ್ತರಿಸಿ ತೆಗೆದು, ಆ ಕಾರಣವನ್ನು ಸರಿಮಾಡಿ ಮತ್ತೆ ತುಂಬಿ.

ಉಳಿದ ಪುಡಿ, ಬಕೆಟ್ ತೊಳೆದ ನೀರು ಏನು ಮಾಡುವುದು?

ಪುಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಿ. ಸಣ್ಣ ತೇಪೆಗೆ ಅದೇ ಬಣ್ಣದ ಪುಡಿ ಬೇಕಾಗುತ್ತದೆ, ಚೀಲದ ಮೇಲೆ ತಂದ ತಾರೀಖು ಬರೆದಿಡಿ. ತೊಳೆದ ನೀರನ್ನು ಚರಂಡಿಗೆ ಬಿಡಬೇಡಿ, ಒಳಗೆ ಹೋಗಿ ಕಲ್ಲಾಗುತ್ತದೆ. ಬಕೆಟ್ಟಿನಲ್ಲೇ ಒಂದು ರಾತ್ರಿ ಬಿಟ್ಟರೆ ಸಿಮೆಂಟ್ ತಳಕ್ಕಿಳಿದು ಗಟ್ಟಿಯಾಗುತ್ತದೆ. ಬೆಳಗ್ಗೆ ನೀರು ಬಸಿದಿಟ್ಟುಕೊಂಡು ಬಕೆಟ್ ಬೋರಲು ಹಾಕಿ ತಟ್ಟಿದರೆ ಬಿಲ್ಲೆಯ ಹಾಗೆ ಬಿಟ್ಟುಕೊಳ್ಳುತ್ತದೆ. ಮೇಲಿನ ತಿಳಿನೀರು ಗಿಡಗಳಿಗೆ ಬೇಡ, ಅದರಲ್ಲಿ ಸುಣ್ಣದ ಕ್ಷಾರ ಇರುತ್ತದೆ. ಮುಂದಿನ ಬಕೆಟ್ ಬ್ರಷ್ ತೊಳೆಯಲು ಅದೇ ನೀರು ಆಗುತ್ತದೆ.